ಉಪ್ಪು ಹೆಚ್ಚಾದ ಕಣಿವೆ

ಆ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡುತ್ತಿರಲಿಲ್ಲ. ಹಾಗೆಂದು ಮಾತೂ ಅಷ್ಟಾಗಿ ಇರಲಿಲ್ಲ. ಅತ್ತೆ ನಾಟಕ ಕಂಪನಿಯೊಂದರಲ್ಲಿ ವರ್ಷಾನುಗಟ್ಟಲೆ ಪಾತ್ರಧಾರಿಗಳ ಬಟ್ಟೆ ಹೊಲಿದವರು. ಸೊಸೆ ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ತಯಾರಿಸುವ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದಳು. ನಡುವೆ ಕೊಂಡಿಯಂತಿದ್ದ ಮಗ ರೈಲು ಓಡಿಸುವವನು, ಮನೆಯಲ್ಲಿ ಇದ್ದದ್ದಕ್ಕಿಂತ ಹಳಿಯ ಮೇಲೆ ಇದ್ದದ್ದೇ ಹೆಚ್ಚು. ಅವನಿಲ್ಲದ ದಿನ "ಊಟ ಆಯ್ತಾ?" "ಆಯ್ತು" ಎಂಬಲ್ಲಿಗೆ ಇಬ್ಬರ ಸಂಭಾಷಣೆ ಮುಗಿಯುತ್ತಿತ್ತು.

ಅತ್ತೆಯ ಬಲಗೈ ನಡುಗಲು ಶುರುವಾದದ್ದು ನಿವೃತ್ತಿಯ ಆಸುಪಾಸಿನಲ್ಲಿ. ಮೊದಮೊದಲು ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುತ್ತಿದ್ದರು. ಆಮೇಲೆ ಕರೆಯುವುದನ್ನೂ ಬಿಟ್ಟರು. ಹೊಲಿಗೆ ಯಂತ್ರದ ಮೇಲೆ ಹಳೇ ಬೆಡ್‌ಶೀಟು ಹೊದಿಸಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕೆಳಗೆ ಓಡಾಡುವವರ ಅಂಗಿಗಳ ತೋಳು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವುದೇ ಅವರ ಕಾಲಕ್ಷೇಪವಾಯಿತು.

ಸೊಸೆಯ ಕೆಲಸವನ್ನು ಮನೆಯವರಿಗೆ ವಿವರಿಸುವುದು ಕಷ್ಟವಿತ್ತು. ಆಟದ ಚಿತ್ರ ಬಿಡಿಸುವವರು ಬೇರೆ, ಪ್ರೋಗ್ರಾಮ್ ಬರೆಯುವವರು ಬೇರೆ. ಯಾರಿಗೂ ಗೆಲುವು ತೀರ ಸಲೀಸಾಗಬಾರದು, ಯಾರಿಗೂ ಕೈಗೆಟುಕದಂತೆಯೂ ಆಗಬಾರದು. ಹಾಗಾಗುವಂತೆ ಮರ ಎಷ್ಟಿರಬೇಕು, ಕಲ್ಲು ಎಷ್ಟು, ಉಪ್ಪು ಎಷ್ಟು ಎಂದು ತೂಗಿ ಇಡುವುದು ಅವಳ ಪಾಲಿನದು. ಅದಕ್ಕೇ ಆಫೀಸಿನಲ್ಲಿ ಎಲ್ಲರೂ ಅವಳನ್ನು 'ತಕ್ಕಡಿ' ಎನ್ನುತ್ತಿದ್ದರು.

ಅವರು ಆಗ ಮಾಡುತ್ತಿದ್ದ ಆಟದಲ್ಲಿ ಒಂದು ಕಣಿವೆ, ಅದರ ನಾಲ್ಕು ಮೂಲೆಗೆ ನಾಲ್ಕು ಊರು: ಕುದುರೆಯವರದು, ಬೇಟೆಗಾರರದು, ಕಮ್ಮಾರರದು, ನೇಕಾರರದು. ನಾಲ್ಕು ಜನ ಅವರವರ ಮನೆಯಲ್ಲಿ ಕೂತು ಒಬ್ಬರ ಮೇಲೊಬ್ಬರು ಆಡಬೇಕು. ಒಂದೇ ಬಗೆಯ ಊರನ್ನು ಇಬ್ಬರು ಆರಿಸಿಕೊಂಡರೂ ಅಡ್ಡಿಯಿಲ್ಲ. ಸೈನ್ಯ ಊರು ಬಿಟ್ಟು ಹೊರಡಬೇಕಾದರೆ ಉಪ್ಪು ಹಾಕಿ ಒಣಗಿಸಿದ ಬುತ್ತಿ ಬೇಕು. ಉಪ್ಪಿಲ್ಲದಿದ್ದರೆ ಅರ್ಧ ದಾರಿಯಲ್ಲೇ ಬುತ್ತಿ ಹಳಸಿ ಸೈನಿಕರು ಬಂದ ದಾರಿಗೆ ಸುಂಕವಿಲ್ಲವೆಂದು ಮರಳುತ್ತಾರೆ. ಆದರೆ ಇಡೀ ಕಣಿವೆಗೆ ಉಪ್ಪಿನ ಗಣಿ ಇದ್ದದ್ದು ಎರಡೇ, ಅದೂ ನಟ್ಟನಡುವೆ. ಬೇಡಬೇಕು, ಕೊಳ್ಳಬೇಕು, ಹಂಚಿಕೊಳ್ಳಬೇಕು, ಇಲ್ಲವೇ ಕಸಿದುಕೊಳ್ಳಬೇಕು. ಉಪ್ಪಿನ ಈ ಕೊರತೆಯನ್ನು ಇಟ್ಟವಳು ಸೊಸೆಯೇ. ಆಟದ ಜೀವ ಅಲ್ಲಿದೆ ಎಂದು ಅವಳು ನಂಬಿದ್ದಳು.

ಆಟ ಇನ್ನೂ ಹಸಿಯಾಗಿದ್ದು, ಪರೀಕ್ಷೆಗೆಂದು ಕೆಲವರಷ್ಟೇ ಆಡುತ್ತಿದ್ದಾಗ ಒಂದು ರಜೆಯ ದಿನ ಅದನ್ನು ಮನೆಗೆ ತಂದಳು.

"ಅತ್ತೆ, ಸುಮ್ನೆ ಒಂದ್ಸಲ ಆಡಿ ನೋಡ್ತೀರಾ? ಎಲ್ಲಿ ಗೊಂದಲ ಆಗತ್ತೆ ಅಂತ ಹೇಳಿದ್ರೆ ಸಾಕು."

"ನಂಗ್ಯಾಕಮ್ಮ ಇದೆಲ್ಲ? ಕೈ ಬೇರೆ ನಿಲ್ಲಲ್ಲ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಇದಕ್ಕೆ ಕೈ ಓಡ್ಬೇಕಾಗಿಲ್ಲ, ತಲೆ ಓಡಿದ್ರೆ ಆಯ್ತು."

ಅತ್ತೆ ಒಲ್ಲದ ಮನಸ್ಸಿನಿಂದಲೇ ಮೌಸ್ ಹಿಡಿದರು. ಬಟ್ಟೆಯ ವಿಷಯ ಚೆನ್ನಾಗಿ ಗೊತ್ತೆಂದು ನೇಕಾರರ ಊರನ್ನು ಆರಿಸಿಕೊಂಡರು. ಅದು ನಾಲ್ಕರಲ್ಲೂ ನಿಧಾನದ ಊರು. ಗೋಡೆ ಗಟ್ಟಿ, ವ್ಯಾಪಾರ ಚುರುಕು, ಸೈನ್ಯ ಮಾತ್ರ ಆಮೆ. ಮೊದಲ ವಾರ ಸೋತರು, ಎರಡನೇ ವಾರವೂ ಸೋತರು. ಮೂರನೇ ವಾರ ಸೊಸೆ ಕೆಲಸದಿಂದ ಬರುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು.

"ಬಾ ಇಲ್ಲಿ, ಬೇಗ ಬಾ. ಚಪ್ಪಲಿ ಆಮೇಲೆ ಬಿಡು. ಆ ಕುದುರೆಯವನು ನನ್ನ ಹತ್ರ ಉಪ್ಪು ಕೇಳ್ತಿದ್ದಾನೆ!"

ಅಂದಿನಿಂದ ಆ ಮನೆಯ ಊಟದ ಮೇಜಿನ ಮೇಲೆ ಮಾತಿಗೆ ಬರವಿರಲಿಲ್ಲ. ಅತ್ತೆಯ ವರಸೆಯೇ ಬೇರೆ. ಕೈಗೆ ಸಿಕ್ಕಿದ ಉಪ್ಪನ್ನು ಅವರು ಸೈನ್ಯಕ್ಕೆ ಸುರಿಯುತ್ತಿರಲಿಲ್ಲ. ಹಸಿದ ವೈರಿಗೆ ಚಿಟಿಕೆ ಚಿಟಿಕೆಯಾಗಿ ಕೊಟ್ಟು ಅವನನ್ನು ಇನ್ನೊಬ್ಬನ ಮೇಲೆ ಛೂ ಬಿಡುತ್ತಿದ್ದರು. "ನಾಟಕದಲ್ಲಿ ನಮ್ಮ ಹತ್ರ ಇದ್ದಿದ್ದು ಒಂದೇ ಜರತಾರಿ ಶಾಲು. ಇವತ್ತು ರಾಜನಿಗೆ, ನಾಳೆ ಮಂತ್ರಿಗೆ. ಇಬ್ಬರೂ ನನ್ನ ಮುಂದೆ ಹಲ್ಲು ಕಿರೀತಾ ನಿಲ್ಲೋರು," ಎಂದು ನಗುತ್ತಿದ್ದರು. ಆಟದಲ್ಲಿ ಅವರು ಇಟ್ಟುಕೊಂಡ ಹೆಸರು 'ಸೂಜಿ'. ಒಂದೇ ಬೆರಳಲ್ಲಿ ಟೈಪು ಮಾಡುವುದು ಕಷ್ಟವಾದ್ದರಿಂದ ಯಾರು ಏನೇ ಬರೆದರೂ "ನೋಡೋಣ" ಎಂದಷ್ಟೇ ಉತ್ತರಿಸುತ್ತಿದ್ದರು. ಆ 'ನೋಡೋಣ'ಕ್ಕೆ ಎದುರಾಳಿಗಳು ಬೆವರುತ್ತಿದ್ದರು. ದಿನಾ ಮಧ್ಯಾಹ್ನ 'ಗುಮ್ಮ' ಎಂಬ ಹೆಸರಿನ ಒಬ್ಬ ಆಟಗಾರ ತಪ್ಪದೆ ಬರುತ್ತಿದ್ದ. ಅವನು ಯಾರೋ, ಎಲ್ಲಿಯವನೋ ಗೊತ್ತಿಲ್ಲ. ಒಂದು ದಿನ ಬರದಿದ್ದರೆ ಅತ್ತೆ "ಮೈ ಹುಷಾರಿಲ್ವೇನೋ ಪಾಪ" ಎನ್ನುತ್ತಿದ್ದರು.

ಸೂಜಿ ತನ್ನ ಅತ್ತೆ ಎಂದು ಸೊಸೆ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಬಾರದೆಂದೇನಿಲ್ಲ, ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಸಂದರ್ಭ ಬಂತು. ಆಟ ಮಾರುಕಟ್ಟೆಗೆ ಬಂದು ಕೆಲವು ತಿಂಗಳಾಗಿತ್ತು. ಹೊಸಬರು ಬಂದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದರು. ಕಂಪನಿಯ ಒಡತಿ ಎಲ್ಲರನ್ನೂ ಕೋಣೆಗೆ ಕರೆದು, ಗೋಡೆಯ ಪರದೆಯ ಮೇಲೆ ಆಡಿ ಮುಗಿದಿದ್ದ ಒಂದು ಆಟವನ್ನು ಓಡಿಸಿದಳು.

"ನಮ್ಮ ತೊಂದರೆ ಏನು ಅಂತ ಇದನ್ನ ನೋಡಿದ್ರೆ ಗೊತ್ತಾಗತ್ತೆ. ಈ ನೇಕಾರರ ಊರಿನವರನ್ನ ನೋಡಿ."

ಪರದೆಯ ಮೂಲೆಯಲ್ಲಿ ಹೆಸರು ಕಾಣುತ್ತಿತ್ತು: ಸೂಜಿ. ಮೌಸಿನ ಬಾಣ ನಡುಗುತ್ತಾ ಒಂದು ಗುಂಡಿಯ ಸುತ್ತ ತಡಕಾಡಿ, ತಪ್ಪಿ, ಮತ್ತೆ ಬಂದು ಕೊನೆಗೂ ಒತ್ತಿತು. ಯಾರೋ ಕಿಸಕ್ಕೆಂದರು.

"ಇದೇನು, ಬಾಣಕ್ಕೆ ಚಳಿಜ್ವರ ಬಂದಿದ್ಯಾ?" ಎಂದ ಚಿತ್ರಗಾರ. ಅವನು ಆಫೀಸಿನ ನಗೆಗಾರ. "ಅರ್ಧ ಗಂಟೆಯಿಂದ ಈ ಪುಣ್ಯಾತ್ಮ ಮಾಡಿದ್ದಿಷ್ಟೇ. ಉಪ್ಪಿನ ಮೂಟೆ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದಾನೆ. ಮಿಕ್ಕ ಮೂವರು ಬಟ್ಟಲು ಹಿಡ್ಕೊಂಡು ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ!"

ಕೋಣೆಯೇ ನಕ್ಕಿತು. ಸೊಸೆಯೂ ನಕ್ಕಳು. ಬೇಕೆಂದು ನಕ್ಕದ್ದಲ್ಲ, ಎಲ್ಲರ ನಗುವಿನ ಜೊತೆ ಅವಳದೂ ಹೊರಬಿತ್ತು. ಬಿದ್ದ ಮೇಲೆ ಎತ್ತಿಕೊಳ್ಳುವ ಹಾಗಿರಲಿಲ್ಲ. 'ಅದು ನಮ್ಮತ್ತೆ' ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತವು.

"ತಕ್ಕಡಿ, ಏನು ಮಾಡೋದು ಹೇಳು," ಎಂದಳು ಒಡತಿ.

ಎಲ್ಲರೂ ತನ್ನತ್ತ ತಿರುಗಿದಾಗ ಅವಳಿಗೆ ಒಂದು ಭಯ ಹುಟ್ಟಿತು. ಸುಮ್ಮನಿದ್ದರೆ ಮುಖ ನೋಡಿ ಕಂಡುಹಿಡಿದಾರು ಎಂಬಂಥ ಹುಚ್ಚು ಭಯ. ಬೇಗ ಏನಾದರೂ ಹೇಳಬೇಕಿತ್ತು.

"ಊರಿಗೊಂದು ಉಪ್ಪಿನ ಗಣಿ ಕೊಟ್ಬಿಡೋಣ," ಎಂದಳು. "ಅವರವರ ಗೋಡೆಯ ಹಿಂದೇನೇ. ಆಗ ಬಚ್ಚಿಟ್ಟುಕೊಂಡು ಕೂತವರಿಗೆ ಲಾಭ ಇರಲ್ಲ. ಯಾರೂ ಯಾರಿಗೂ ಕಾಯ್ಬೇಕಾಗಿಲ್ಲ."

ಒಡತಿ ಮೇಜು ತಟ್ಟಿ ಮೆಚ್ಚಿದಳು. ಕೆಲವೇ ದಿನಗಳಲ್ಲಿ ಬದಲಾದ ಆಟ ಎಲ್ಲರ ಕಂಪ್ಯೂಟರಿಗೂ ಹೋಯಿತು.

ಆ ಸಂಜೆ ಮನೆಗೆ ಬಂದಾಗ ಅತ್ತೆಯ ಮುಖ ಅರಳಿತ್ತು.

"ನನ್ನ ಊರಿನ ಹಿಂದೆ ಗಣಿ ಬಂದಿದೆ ಕಣೆ! ನಂಗೋಸ್ಕರ ಇಟ್ಟೆಯಾ?"

ಸೊಸೆ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದಳು. "ಎಲ್ಲ ಊರಿಗೂ ಬಂದಿದೆ ಅತ್ತೆ."

"ಬರಲಿ ಬಿಡು. ನನ್ನ ಕೈಲಿ ಇದ್ದರೆ ಸಾಕು," ಎಂದು ಅವಳ ಬೆನ್ನು ಸವರಿದರು. ಅತ್ತೆ ಅವಳ ಬೆನ್ನು ಸವರಿದ್ದು ಅದೇ ಮೊದಲು. ಸೊಸೆ ಬಗ್ಗಿದವಳು ಬಗ್ಗಿಯೇ ಇದ್ದಳು.

ಮುಂದೆ ಆದದ್ದು ಅವಳು ಊಹಿಸಿದ್ದೇ. ಉಪ್ಪು ಎಲ್ಲರ ಮನೆ ಬಾಗಿಲಲ್ಲಿ ಬಿದ್ದಿರುವಾಗ ಬೇಡಲು ಯಾರೂ ಬರಲಿಲ್ಲ. ಮಾತಿಲ್ಲ, ಕತೆಯಿಲ್ಲ, ವ್ಯಾಪಾರವಿಲ್ಲ. ಬೇಗ ಬೇಗ ಗುಂಡಿ ಒತ್ತಿ ಬೇಗ ಬೇಗ ಸೈನ್ಯ ಕಟ್ಟಿದವನದೇ ಆಟ. ಕುದುರೆಯವರು ಬುತ್ತಿ ಕಟ್ಟಿಕೊಂಡು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನೇಕಾರರ ಗೋಡೆಯ ಮುಂದಿರುತ್ತಿದ್ದರು. ಅತ್ತೆಯ ಬೆರಳು ಗುಂಡಿಯನ್ನು ಹುಡುಕುತ್ತಿರುವಾಗಲೇ ಅವರ ಊರು ಉರಿಯುತ್ತಿತ್ತು.

ಅತ್ತೆ ಸೋತರು. ಮತ್ತೆ ಆಡಿದರು, ಮತ್ತೆ ಸೋತರು. ಮೇಜಿನ ಮೇಲೆ ಮಾತು ಕಡಿಮೆಯಾಯಿತು. ಗುಮ್ಮನೂ ಬರುವುದು ನಿಂತುಹೋಯಿತು. ಒಂದು ಬೆಳಿಗ್ಗೆ ಮಗ ಡ್ಯೂಟಿ ಮುಗಿಸಿ ಬಂದು ಕೂತಿದ್ದಾಗ ಅತ್ತೆ ಮೆಲ್ಲನೆ ಹೇಳಿದರು:

"ನನ್ನ ತಲೆಗೆ ಏನೋ ಆಗಿದೆ ಕಣೋ. ಮೊದಲು ಉಪ್ಪಿಲ್ಲದೆ ಗೆಲ್ತಿದ್ದೆ. ಈಗ ಕಾಲ ಬುಡಕ್ಕೇ ಗಣಿ ತಂದು ಇಟ್ಟಿದ್ದಾಳೆ ಇವಳು. ಆದರೂ ಒಂದೂ ಗೆಲ್ಲೋಕಾಗ್ತಿಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನ ಗುರುತೂ ಸಿಗಲಿಲ್ಲ ಅವರಿಗೆ."

ಸೊಸೆ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಇದ್ದದ್ದನ್ನು ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಗಣಿಯ ಕತೆ ಹೇಳಿದರೆ ಆಫೀಸಿನ ಕೋಣೆಯ ಕತೆಯನ್ನೂ ಹೇಳಬೇಕಾಗುತ್ತಿತ್ತು. ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಡಾಕ್ಟರ ಬಳಿ ಮೂವರೂ ಹೋದರು. ಡಾಕ್ಟರು ಒಳ್ಳೆಯವರೇ. ಕೆಲವು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು, ಗಡಿಯಾರದ ಚಿತ್ರ ಬಿಡಿಸಲು ಹೇಳಿದರು. ಅತ್ತೆಗೆ ಹೆದರಿಕೆಯಿಂದ ಬಾಯಿ ಒಣಗಿತ್ತು. ಬಿಡಿಸಿದ ಗಡಿಯಾರ ಒಡೆದ ಮೊಟ್ಟೆಯಂತೆ ಬಂತು. ಪದಗಳನ್ನು ಕೇಳಿದಾಗ ಒಂದೆರಡು ಹೇಳಿ, ಮಿಕ್ಕದ್ದಕ್ಕೆ ಪಕ್ಕದಲ್ಲಿ ಕೂತಿದ್ದ ಸೊಸೆಯ ಮುಖ ನೋಡಿದರು, ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ಇಣುಕುವ ಮಗುವಿನಂತೆ. ಸೊಸೆ ನೆಲದ ಟೈಲ್ಸು ನೋಡುತ್ತಿದ್ದಳು.

"ಮರೆವಿನ ಕಾಯಿಲೆಯ ಶುರುವಿನ ಹಂತ ಇರಬಹುದು. ಈಗಲೇ ಏನೂ ಹೇಳೋಕಾಗಲ್ಲ," ಎಂದ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. "ಒಂದು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ. ಅಲ್ಲೀವರೆಗೂ ಬೆಂಕಿ, ಕತ್ತರಿ ಹತ್ರ ಒಬ್ಬರನ್ನೇ ಬಿಡಬೇಡಿ."

ಮಗ ಅದನ್ನು ಅಕ್ಷರಶಃ ಪಾಲಿಸಿದ. ಅಮ್ಮನ ಕತ್ತರಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲಿಟ್ಟ. ಗ್ಯಾಸಿನ ರೆಗ್ಯುಲೇಟರನ್ನು ತೆಗೆದಿಟ್ಟು ಹೆಂಡತಿಗೆ ಮಾತ್ರ ಜಾಗ ತೋರಿಸಿದ. ದೂರದ ಡ್ಯೂಟಿ ಬಿಟ್ಟು, ದಿನಾ ಎದುರಿಗೆ ನಿಂತು ಅಮ್ಮನಿಗೆ ಮಾತ್ರೆ ನುಂಗಿಸಿದ. ಒಂದು ಕಾಲಕ್ಕೆ ಇಡೀ ನಾಟಕ ಕಂಪನಿಯನ್ನು ಬೈದು ನೆಟ್ಟಗೆ ನಿಲ್ಲಿಸುತ್ತಿದ್ದ ಹೆಂಗಸು ತುಟಿಪಿಟಿಕ್ಕೆನ್ನಲಿಲ್ಲ. ಅದೇ ಸೊಸೆಯನ್ನು ಕೊಂದದ್ದು. ಮಾತ್ರೆಯ ಮಂಪರಿಗೆ ಅತ್ತೆ ಹಗಲಲ್ಲೂ ತೂಕಡಿಸುತ್ತಿದ್ದರು, ಕಿಟಕಿಯ ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆ ಹೋಗುತ್ತಿದ್ದರು.

ಇತ್ತ ಆಫೀಸಿನಲ್ಲಿ ಹೊಸಬರ ಸಂಖ್ಯೆ ಏರುತ್ತಿತ್ತು, ಒಡತಿ ಸೊಸೆಯ ಬೆನ್ನು ತಟ್ಟುತ್ತಿದ್ದಳು. ಸೊಸೆಗೆ ಬೆನ್ನು ಮುಟ್ಟಿದರೆ ಮೈ ಕುಗ್ಗುತ್ತಿತ್ತು.

ಒಂದು ಮಧ್ಯಾಹ್ನ ತಲೆನೋವೆಂದು ಹೇಳಿ ಅವಳು ಬೇಗ ಮನೆಗೆ ಬಂದಳು. ಅತ್ತೆ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದರು. ಒಲೆಯ ಮೇಲೆ ಪಾತ್ರೆ, ಅದರಲ್ಲಿ ನೀರು, ಚಹಾಪುಡಿ, ಸಕ್ಕರೆ, ಎಲ್ಲವೂ ಹಾಕಿ ಸಿದ್ಧ. ಒಲೆ ಮಾತ್ರ ಹೊತ್ತಿರಲಿಲ್ಲ.

"ಬಂದ್ಯಾ?" ಎಂದರು. "ಯಾರಾದರೂ ಬಂದು ಹಚ್ಚಲಿ ಅಂತ ಕಾಯ್ತಿದ್ದೆ. ಎಷ್ಟು ಹೊತ್ತಾಯ್ತೋ. ಹಚ್ಚಿಕೊಡ್ತೀಯಾ?"

ಸೊಸೆ ಬ್ಯಾಗು ಕೆಳಗಿಟ್ಟಳು. ಅಕ್ಕಿ ಡಬ್ಬದ ಮೇಲೆ ಕೂತಳು.

"ಅತ್ತೆ, ನಿಮ್ಮ ತಲೆಗೆ ಏನೂ ಆಗಿಲ್ಲ."

"ಹಾಗೆಲ್ಲ ಸಮಾಧಾನ ಮಾಡ್ಬೇಡ. ನಂಗೆ ಗೊತ್ತಾಗತ್ತೆ."

"ಸಮಾಧಾನ ಅಲ್ಲ. ಆಟ ಬದಲಾಗಿದೆ. ನೀವು ಬದಲಾಗಿಲ್ಲ. ಆ ಗಣಿ ಇದೆಯಲ್ಲ, ಅದನ್ನ ನಿಮಗೋಸ್ಕರ ಇಟ್ಟಿದ್ದಲ್ಲ. ನಿಮ್ಮಂಥವರು ಗೆಲ್ಲಬಾರದು ಅಂತ ಇಟ್ಟಿದ್ದು. ಉಪ್ಪು ಕಡಿಮೆ ಇದ್ದಾಗ ಎಲ್ಲರೂ ಯೋಚಿಸಿ ಆಡಬೇಕಿತ್ತು. ಈಗ ಯೋಚಿಸೋ ಅಗತ್ಯ ಇಲ್ಲ, ಕೈ ಓಡಿದ್ರೆ ಸಾಕು. ನಾನೇ ಮಾಡಿದ್ದು, ಗೊತ್ತಿದ್ದೂ."

ಅತ್ತೆ ಒಲೆಯಿಂದ ಇತ್ತ ತಿರುಗಿದರು. "ಎಲ್ಲರಿಗೂ ಕೊಟ್ಟು ನನ್ನಿಂದ ಕಿತ್ಕೊಂಡೆ ಅನ್ನು."

"ಹೂಂ."

"ಯಾಕೆ?"

ಸೊಸೆ ಎಲ್ಲವನ್ನೂ ಹೇಳಿದಳು. ಪರದೆ, ನಡುಗುವ ಬಾಣ, ಚಳಿಜ್ವರ, ಕಾವಿಗೆ ಕೂತ ಕೋಳಿ. ಒಂದನ್ನೂ ಬಿಡಲಿಲ್ಲ.

"ನೀನೂ ನಕ್ಕೆಯಾ?"

"ನಕ್ಕೆ."

ಅತ್ತೆ ತಲೆಯಾಡಿಸಿದರು. ಅದು ಅವರಿಗೆ ಅಷ್ಟು ದೊಡ್ಡದಾಗಿ ಕಂಡಂತೆ ತೋರಲಿಲ್ಲ. "ನಗಲಿ ಬಿಡು. ರಂಗದ ಹಿಂದೆ ನಾವೂ ಎಷ್ಟು ಜನರನ್ನ ಆಡಿಕೊಂಡು ನಕ್ಕಿಲ್ಲ," ಎಂದರು. ಆಮೇಲೆ ದನಿ ಬದಲಾಯಿತು. "ಆದರೆ ಡಾಕ್ಟರ ಹತ್ರ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲೇ. ನಾನು ನಿನ್ನ ಮುಖ ನೋಡಿದೆ. ನಮ್ಮಪ್ಪನ ಥರ ಆಗ್ಬಿಟ್ಟೆ ಅಂತ ಅಲ್ಲಿಂದ ಇಲ್ಲೀವರೆಗೂ ದಿನಾ ಸಾಯ್ತಾ ಇದ್ದೀನಿ. ಒಂದು ಮಾತು ಹೇಳೋಕೆ ನಿಂಗೆ ಬಾಯಿ ಬರಲಿಲ್ವಾ?"

"ತಪ್ಪಾಯ್ತು ಅತ್ತೆ" ಎಂದಳು ಸೊಸೆ, ಅದು ತನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು. ಅತ್ತೆ ಚಹಾದ ಪಾತ್ರೆಯನ್ನು ಎತ್ತಿ ನೀರನ್ನೆಲ್ಲ ಸಿಂಕಿಗೆ ಸುರಿದು ತಮ್ಮ ಕೋಣೆಗೆ ಹೋದರು.

ಗಂಡನಿಗೆ ಅವಳೇ ಹೇಳಿದಳು. ಅವನು ಕೂಗಾಡುವವನಲ್ಲ. ತನ್ನ ಅಂಗೈಯನ್ನು ನೋಡಿಕೊಂಡು, "ದಿನಾ ಮಾತ್ರೆ ಕೊಟ್ಟಿದ್ದು ಈ ಕೈ. ಅದನ್ನಾದರೂ ತಪ್ಪಿಸಬಹುದಿತ್ತು ನೀನು," ಎಂದ. ಮರುದಿನ ಬೆಳಿಗ್ಗೆ ರೆಗ್ಯುಲೇಟರು ಒಲೆಗೆ ಮರಳಿತು, ಕತ್ತರಿಗಳು ಅಟ್ಟದಿಂದ ಇಳಿದವು. ಡಾಕ್ಟರಿಗೆ ನಡೆದದ್ದನ್ನು ತಿಳಿಸಿದಾಗ ಅವರು ಇನ್ನೊಮ್ಮೆ ಪರೀಕ್ಷೆ ಮಾಡಿದರು. ಈ ಸಲ ಅತ್ತೆ ಪದಗಳನ್ನು ಹಿಂದಿನಿಂದಲೂ ಮುಂದಿನಿಂದಲೂ ಹೇಳಿ, "ಗಡಿಯಾರ ಮಾತ್ರ ಸೊಟ್ಟ ಬರತ್ತೆ, ಅದಕ್ಕೆ ಕೈಯನ್ನ ಕೇಳಿ" ಎಂದರು. ಡಾಕ್ಟರು ನಕ್ಕು ಮಾತ್ರೆ ನಿಲ್ಲಿಸಿದರು. ಹೆದರಿದವರಿಗೆ ಯಾರಿಗಾದರೂ ಮರೆವು ಬರುತ್ತದೆ, ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು ಎಂದರು. ಅಂದು ಸೊಸೆ ಒಳಗೆ ಹೋಗಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತಿರು ಎಂದು ಅತ್ತೆಯೇ ಹೇಳಿದ್ದರು.

ಆಫೀಸಿನಲ್ಲಿ ಹೇಳುವುದು ಅದಕ್ಕಿಂತ ಸುಲಭವಾಯಿತು. ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ, "ಅವತ್ತು ನಾವು ನೋಡಿ ನಕ್ಕಿದ್ದು ನಮ್ಮತ್ತೆಯನ್ನ" ಎಂದಳು. ಚಿತ್ರಗಾರನ ಮುಖ ಬಿಳಿಚಿಕೊಂಡಿತು. "ಆಗ್ಲೇ ಯಾಕೆ ಹೇಳಲಿಲ್ಲ?" ಎಂದು ಒಡತಿ ಕೇಳಿದಳು. "ನಾನೂ ನಗ್ತಿದ್ದೆನಲ್ಲ," ಎಂದಳು ಸೊಸೆ.

ಒಡತಿ ಮರುಕಪಟ್ಟು ಆಟ ಬದಲಾಯಿಸುವವಳಲ್ಲ. ಆದರೆ ಹೊಸಬರ ಉತ್ಸಾಹ ಅಷ್ಟರಲ್ಲೇ ಇಳಿಯತೊಡಗಿತ್ತು. ಗೆಲ್ಲಲು ಎಲ್ಲರೂ ಕುದುರೆಯವರ ಊರನ್ನೇ ಆರಿಸಿಕೊಳ್ಳುತ್ತಿದ್ದರು. ನಾಲ್ಕು ಮೂಲೆಯಿಂದಲೂ ಕುದುರೆ. ಕಣಿವೆ ರೇಸಿನ ಮೈದಾನವಾಗಿತ್ತು. ಹಳಬರು ಬೇಸತ್ತು ಹೋಗಿದ್ದರು. ಸೊಸೆ ಹೊಸ ಲೆಕ್ಕವೊಂದನ್ನು ಮುಂದಿಟ್ಟಳು: ಊರಿಗೊಂದು ಗಣಿ ಇರಲಿ, ಆದರೆ ಅದು ಬೇಗ ಬರಿದಾಗಲಿ. ಹೊಸಬರಿಗೆ ಆಟ ಕಲಿಯಲು ಬೇಕಾದಷ್ಟು ಉಪ್ಪು ಅದರಲ್ಲಿ ಸಿಗುತ್ತದೆ. ಅದು ಮುಗಿದ ಮೇಲೆ ನಡುವಿನ ಎರಡು ಗಣಿಗಳೇ ಗತಿ, ಅಲ್ಲಿಂದ ಮಾತು, ವ್ಯಾಪಾರ, ಯೋಚನೆ. ಒಡತಿ ಒಪ್ಪಿದಳು. ಗುಂಡಿಗಳನ್ನು ದೊಡ್ಡದು ಮಾಡಿ ಕೊಡುತ್ತೇನೆಂದು ಚಿತ್ರಗಾರ ತಾನೇ ಮುಂದೆ ಬಂದ. ನಡುಗುವ ಬಾಣ ಗುಂಡಿಯ ಹತ್ತಿರ ಬಂದರೂ ಸಾಕು, ಒತ್ತಿದ ಹಾಗೆ.

ಹೊಸ ಆಟ ಮನೆಯ ಕಂಪ್ಯೂಟರಿಗೂ ಬಂತು. ಸೊಸೆ ಊಟದ ಹೊತ್ತಿಗೆ ಅದನ್ನು ತಿಳಿಸಿದಳು. ಅತ್ತೆ "ಸರಿ" ಎಂದು ತಟ್ಟೆ ಎತ್ತಿಕೊಂಡು ಎದ್ದರು. ಆಡಿ ಎನ್ನಲು ಅವಳಿಗೆ ಧೈರ್ಯವಾಗಲಿಲ್ಲ. ವಾರಗಳು ಕಳೆದವು. ಮತ್ತೆ "ಊಟ ಆಯ್ತಾ?" "ಆಯ್ತು". ಅತ್ತೆ ಸಿಡುಕಲಿಲ್ಲ, ಹಂಗಿಸಲಿಲ್ಲ. ಸೊಸೆಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದರು. ಆದರೆ ಬಾಗಿಲಲ್ಲಿ ನಿಂತು "ಬಾ ಇಲ್ಲಿ, ಬೇಗ ಬಾ" ಎನ್ನಲಿಲ್ಲ.

ಕೊನೆಗೆ ಅವರನ್ನು ಆಟಕ್ಕೆ ಮರಳಿ ಎಳೆದದ್ದು ಗುಮ್ಮ. "ಸೂಜಿ, ಎಲ್ಲಿದ್ದೀರಿ? ನೀವಿಲ್ಲದೆ ಸೋಲೋಕೂ ಬೇಜಾರು" ಎಂದು ಬರೆದಿದ್ದನಂತೆ. ಇದನ್ನು ಅತ್ತೆ ಹೇಳಿದ್ದು ಮಗನಿಗೆ, ಸೊಸೆಗೆ ಅವನ ಮೂಲಕ ಗೊತ್ತಾಯಿತು. ಅತ್ತೆ ಕಂಪ್ಯೂಟರನ್ನು ಹೊರಕೋಣೆಯಿಂದ ತಮ್ಮ ಕೋಣೆಗೆ ಸಾಗಿಸಿಕೊಂಡಿದ್ದರು.

ಒಂದು ರಜೆಯ ಮಧ್ಯಾಹ್ನ ಆ ಕೋಣೆಯಿಂದ ನಗು ಕೇಳಿಸಿತು. ಹೊಟ್ಟೆ ತುಂಬ ನಗುವ, ಮೇಜು ಗುದ್ದುವ ಹಳೆಯ ನಗು. ಯಾರನ್ನೋ ಯಾರ ಮೇಲೋ ಛೂ ಬಿಟ್ಟಿರಬೇಕು. ಸೊಸೆ ಎರಡು ಲೋಟ ಚಹಾ ಮಾಡಿಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಳು. ಲೋಟ ಕೈ ಸುಡುವವರೆಗೂ ನಿಂತಿದ್ದು, ಆಮೇಲೆ ಮೊಣಕೈಯಿಂದ ಮೆಲ್ಲಗೆ ತಟ್ಟಿದಳು.

ಒಳಗೆ ನಗು ನಿಂತಿತು.

"ಅತ್ತೆ, ಚಹಾ."

"ಆಟ ನಡೀತಿದೆ," ಎಂದರು ಅತ್ತೆ ಒಳಗಿನಿಂದ. ಮೌಸು ಎರಡು ಸಲ ಟಕ್ಕೆಂದಿತು. "ಆಮೇಲೆ ಬಾ."

ಸೊಸೆ ಲೋಟಗಳನ್ನು ಹಿಡಿದು ಅಡುಗೆಮನೆಗೆ ಮರಳಿದಳು. ಅವೆರಡನ್ನೂ ಮುಚ್ಚಿಟ್ಟು, ಆಟ ಮುಗಿಯಲಿ ಎಂದು ಕಾಯುತ್ತಾ ಕೂತಳು.